ಮೌಲಾನಾ ಆಜಾದರು ಮತ್ತು ಸ್ವತಂತ್ರ ಭಾರತದ ಶಿಕ್ಷಣ ನೀತಿ



ನವೆಂಬರ್ 11 ಬಂತೆಂದರೆ ನಮ್ಮ ಶಾಲಾ ಕಾಲೇಜುಗಳಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದರ ಹೆಸರು ಕೇಳಿಬರುತ್ತದೆ. 2008ರಿಂದ ಅವರ ಜನ್ಮದಿನವನ್ನು ರಾಷ್ಟ್ರೀಯ ಶಿಕ್ಷಣ ದಿನವೆಂದು ಆಚರಿಸಲಾಗುತ್ತಿದೆ. ಅಂದು ಮಕ್ಕಳು ಮಾಡುವ ಭಾಷಣಗಳಲ್ಲಿ ಸಾಮಾನ್ಯವಾಗಿ ಮೂರು ಮಾತುಗಳಿರುತ್ತವೆ: ಮಕ್ಕಾದಲ್ಲಿ ಜನಿಸಿದರು, ‘ಅಲ್ ಹಿಲಾಲ್’ ಪತ್ರಿಕೆ ಹೊರಡಿಸಿದರು, ದೇಶದ ಪ್ರಥಮ ಶಿಕ್ಷಣ ಸಚಿವರಾದರು. ಚಪ್ಪಾಳೆಯೊಂದಿಗೆ ಭಾಷಣ ಮುಗಿಯುತ್ತದೆ. ಸಚಿವರಾಗಿ ಅವರು ಏನು ಮಾಡಿದರು, ಏನು ಮಾಡಲಾಗದೆ ಹೋಯಿತು, ಏಕೆ ಆಗಲಿಲ್ಲ ಎಂಬ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಉತ್ತರ ಹೇಳುವವರು ಇನ್ನೂ ಕಡಿಮೆ. ಆಜಾದರನ್ನು ಕೇವಲ ಭಾವಚಿತ್ರವಾಗಿ ಉಳಿಸಿಕೊಳ್ಳದೆ, ಅವರು ನಡೆಸಿದ ಇಲಾಖೆಯ ಲೆಕ್ಕಪತ್ರವನ್ನೇ ಒಮ್ಮೆ ತೆರೆದು ನೋಡುವ ಪ್ರಯತ್ನ ಈ ಲೇಖನದ್ದು.

ಮೊದಲು ಒಂದು ವಿಷಯವನ್ನು ವಿದ್ಯಾರ್ಥಿಗಳು ಗಮನಿಸಬೇಕು. ದೇಶದ ವಿಶ್ವವಿದ್ಯಾನಿಲಯಗಳಿಗೆ ದಾರಿ ಹಾಕಿಕೊಟ್ಟ ಈ ವ್ಯಕ್ತಿ ಯಾವ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತಿದವರಲ್ಲ. 1888ರಲ್ಲಿ ಹುಟ್ಟಿ ಬಾಲ್ಯದಲ್ಲೇ ಕಲ್ಕತ್ತಕ್ಕೆ ಬಂದ ಆಜಾದರಿಗೆ ಮನೆಯೇ ಮದ್ರಸ, ತಂದೆಯವರೇ ಮೊದಲ ಉಸ್ತಾದರು. ಹದಿನಾರರ ಹೊತ್ತಿಗೆ ದರ್ಸೆ ನಿಜಾಮಿಯ ಪಾಠಕ್ರಮವನ್ನು ಮುಗಿಸಿ, ತಮಗಿಂತ ಹೆಚ್ಚೇನೂ ಕಿರಿಯರಲ್ಲದವರಿಗೆ ಪಾಠ ಹೇಳುತ್ತಿದ್ದರು. ಅದೇ ಕಾಲದಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರ ಬರಹಗಳು ಅವರ ಕೈಗೆ ಬಂದವು. ಆಧುನಿಕ ವಿಜ್ಞಾನ, ತತ್ತ್ವಶಾಸ್ತ್ರ, ಸಾಹಿತ್ಯಗಳನ್ನು ಬಿಟ್ಟು ಈ ಕಾಲದಲ್ಲಿ ಯಾರೂ ಸಂಪೂರ್ಣ ವಿದ್ಯಾವಂತರಾಗಲಾರರು ಎಂಬುದು ಅವರಿಗೆ ಮನವರಿಕೆಯಾಯಿತು. ಇಂಗ್ಲಿಷ್ ಅಕ್ಷರಗಳನ್ನು ಒಬ್ಬ ಮೌಲ್ವಿ ಸಾಹೇಬರಿಂದ ಕಲಿತರು. ಅನಂತರ ಬೈಬಲಿನ ಇಂಗ್ಲಿಷ್, ಫಾರಸಿ, ಉರ್ದು ಅನುವಾದಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿದರು. ನಿಘಂಟು ಹಿಡಿದು ವರ್ತಮಾನ ಪತ್ರಿಕೆಗಳನ್ನು ಓದಿದರು. ಉರ್ದು ಮಾಧ್ಯಮದಲ್ಲಿ ಓದಿದೆ, ಇಂಗ್ಲಿಷ್ ನನಗೆ ಬರುವುದಿಲ್ಲ ಎಂದು ಕೈಚೆಲ್ಲುವ ವಿದ್ಯಾರ್ಥಿಗಳು ಈ ಪ್ರಸಂಗವನ್ನು ಎರಡು ಸಲ ಓದುವುದು ಒಳ್ಳೆಯದು.

1912ರಲ್ಲಿ ‘ಅಲ್ ಹಿಲಾಲ್’ ಆರಂಭವಾಗಿ ಬ್ರಿಟಿಷರ ಕಣ್ಣು ಕೆಂಪಾಗಿಸಿದ್ದು ಎಲ್ಲರಿಗೂ ತಿಳಿದ ಕಥೆ. 1916ರಲ್ಲಿ ಬಂಗಾಳದಿಂದ ಗಡೀಪಾರಾಗಿ ರಾಂಚಿಯಲ್ಲಿ ಅವರು ನಜರಬಂದಿಯಲ್ಲಿದ್ದದ್ದೂ ಕೆಲವರಿಗೆ ಗೊತ್ತು. ಆದರೆ ಆ ನಜರಬಂದಿಯ ದಿನಗಳಲ್ಲೇ, 1917ರಲ್ಲಿ, ಅವರು ರಾಂಚಿಯಲ್ಲಿ ಅಂಜುಮನ್ ಇಸ್ಲಾಮಿಯಾವನ್ನೂ ಮದ್ರಸ ಇಸ್ಲಾಮಿಯಾವನ್ನೂ ಕಟ್ಟಿದರೆಂಬುದನ್ನು ನಮ್ಮಂಥ ವಿದ್ಯಾಸಂಸ್ಥೆಗಳ ಸದಸ್ಯರು ವಿಶೇಷವಾಗಿ ನೆನಪಿಡಬೇಕು. ಚಂದಾ ಎತ್ತುವುದು, ಕಟ್ಟಡ ಏಳಿಸುವುದು, ಮುಅಲ್ಲಿಮರನ್ನು ಹುಡುಕುವುದು ಎಂದರೇನೆಂಬುದು ದೆಹಲಿಯ ಸಚಿವಾಲಯಕ್ಕೆ ಹೋಗುವ ಮೂವತ್ತು ವರ್ಷ ಮೊದಲೇ ಅವರ ಅನುಭವಕ್ಕೆ ಬಂದಿತ್ತು.

1947ರ ಜನವರಿಯಲ್ಲಿ ಮಧ್ಯಂತರ ಸರ್ಕಾರದ ಶಿಕ್ಷಣ ಖಾತೆ ಅವರ ಕೈಗೆ ಬಂತು. ಅಲ್ಲಿಂದ 1958ರ ಫೆಬ್ರವರಿ 22ರಂದು ತೀರಿಕೊಳ್ಳುವವರೆಗೆ, ಹನ್ನೊಂದು ವರ್ಷ, ಆ ಖಾತೆ ಅವರಲ್ಲೇ ಇತ್ತು. ಆಗಿನ ದೇಶದ ಸ್ಥಿತಿ ಹೇಗಿತ್ತು? 1951ರ ಜನಗಣತಿಯ ಪ್ರಕಾರ ನೂರರಲ್ಲಿ ಸುಮಾರು 18 ಮಂದಿಗೆ ಮಾತ್ರ ಓದು ಬರಹ ಬರುತ್ತಿತ್ತು. ಹೆಂಗಸರ ಲೆಕ್ಕ ಬೇರೆ ತೆಗೆದರೆ ನೂರಕ್ಕೆ 9ಕ್ಕಿಂತ ಕಡಿಮೆ. ದೇಶ ವಿಭಜನೆಯಾಗಿ ಲಕ್ಷಾಂತರ ಜನ ನಿರಾಶ್ರಿತರಾಗಿದ್ದರು. ದೆಹಲಿಯಲ್ಲೇ ಎಷ್ಟೋ ಶಾಲಾ ಕಟ್ಟಡಗಳಲ್ಲಿ ಮಕ್ಕಳ ಬದಲು ನಿರಾಶ್ರಿತ ಕುಟುಂಬಗಳಿದ್ದವು.

ಇದಕ್ಕಿಂತ ಮುಖ್ಯವಾದ, ಆದರೆ ಭಾಷಣಗಳಲ್ಲಿ ಬಾರದ ಇನ್ನೊಂದು ಸಂಗತಿ ಇದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದಲ್ಲಿ ಶಿಕ್ಷಣವು ರಾಜ್ಯ ಪಟ್ಟಿಗೆ ಸೇರಿತ್ತು. ಊರಿನ ಪ್ರಾಥಮಿಕ ಶಾಲೆ, ಅದರ ಮಾಸ್ತರರ ಸಂಬಳ, ಪಠ್ಯಪುಸ್ತಕ ಎಲ್ಲವೂ ರಾಜ್ಯ ಸರ್ಕಾರದ ಹೊಣೆ. ಕೇಂದ್ರದ ಕೈಯಲ್ಲಿ ಉಳಿದದ್ದು ಉನ್ನತ ಶಿಕ್ಷಣದ ಗುಣಮಟ್ಟ ಮತ್ತು ಹೊಂದಾಣಿಕೆ, ರಾಷ್ಟ್ರೀಯ ಮಹತ್ವದ ವೈಜ್ಞಾನಿಕ ಹಾಗೂ ತಾಂತ್ರಿಕ ಸಂಸ್ಥೆಗಳು, ಅಲಿಗಢ, ಬನಾರಸ್, ದೆಹಲಿಯಂಥ ಕೆಲವು ವಿಶ್ವವಿದ್ಯಾನಿಲಯಗಳು. ಶಿಕ್ಷಣವು ಸಮವರ್ತಿ ಪಟ್ಟಿಗೆ ಬಂದದ್ದು 1976ರ 42ನೇ ತಿದ್ದುಪಡಿಯಿಂದ, ಅಂದರೆ ಆಜಾದರು ತೀರಿಕೊಂಡು ಹದಿನೆಂಟು ವರ್ಷಗಳಾದ ಮೇಲೆ. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅವರ ಕಾಲದ ನೀತಿಯ ಯಶಸ್ಸೂ ಸೋಲೂ ಎರಡೂ ಅರ್ಥವಾಗುತ್ತವೆ. ಕೈ ಎಟುಕಿದ ಕಡೆ ಕಟ್ಟಿದರು. ಎಟುಕದ ಕಡೆ ಸಲಹೆ ಕೊಟ್ಟರು, ಆಯೋಗ ನೇಮಿಸಿದರು, ಅನುದಾನ ಕಳಿಸಿದರು.

ಮೊದಲ ಆಯೋಗ 1948ರ ನವೆಂಬರಿನಲ್ಲಿ ರಚನೆಯಾದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗ. ಅಧ್ಯಕ್ಷರು ಡಾ. ಸರ್ವೇಪಲ್ಲಿ ರಾಧಾಕೃಷ್ಣನ್. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿ ಹೋದವರೆಂದು ಅವರ ಬಗ್ಗೆ ನಮ್ಮ ನಾಡಿಗೆ ವಿಶೇಷ ಅಭಿಮಾನ. ಸದಸ್ಯರಲ್ಲಿ ಡಾ. ಜಾಕಿರ್ ಹುಸೇನ್, ವಿಜ್ಞಾನಿ ಮೇಘನಾದ ಸಾಹಾ, ಮದರಾಸಿನ ಲಕ್ಷ್ಮಣಸ್ವಾಮಿ ಮೊದಲಿಯಾರ್ ಇದ್ದರು. 1949ರ ಆಗಸ್ಟಿನಲ್ಲಿ ವರದಿ ಬಂತು. ಆ ವರದಿಯ ಶಿಫಾರಸಿನ ಮೇರೆಗೆ ರೂಪುಗೊಂಡ ವಿಶ್ವವಿದ್ಯಾನಿಲಯ ಅನುದಾನ ಆಯೋಗವನ್ನು 1953ರ ಡಿಸೆಂಬರ್ 28ರಂದು ಆಜಾದರೇ ಉದ್ಘಾಟಿಸಿದರು. 1956ರಲ್ಲಿ ಅದಕ್ಕೆ ಕಾಯಿದೆಯ ಬಲ ಬಂತು. ಇಂದು ಪಿ.ಎಚ್‌ಡಿ. ಮಾಡುತ್ತಿರುವ ನಮ್ಮ ಹುಡುಗ ಹುಡುಗಿಯರು ನೆಟ್, ಜೆ.ಆರ್.ಎಫ್. ಎಂದು ಹೇಳುವಾಗ ಅದರ ಬೇರು ಇಲ್ಲಿದೆ.

ಎರಡನೆಯದು 1952ರ ಮಾಧ್ಯಮಿಕ ಶಿಕ್ಷಣ ಆಯೋಗ, ಮೊದಲಿಯಾರರ ಅಧ್ಯಕ್ಷತೆಯದು. ಬಿ.ಎಡ್. ಪರೀಕ್ಷೆಗೆ ನಾವೆಲ್ಲ ಬಾಯಿಪಾಠ ಮಾಡಿದ ಬಹೂದ್ದೇಶ ಪ್ರೌಢಶಾಲೆ, ಏಳು ಐಚ್ಛಿಕ ವಿಷಯ ಗುಂಪುಗಳು ಇದರದ್ದೇ ಕೊಡುಗೆ. ಎಲ್ಲ ಮಕ್ಕಳೂ ಗುಮಾಸ್ತಿಕೆಗೇ ತಯಾರಾಗಬಾರದು, ಕೃಷಿ, ತಂತ್ರಜ್ಞಾನ, ವಾಣಿಜ್ಯ, ಲಲಿತಕಲೆ, ಗೃಹವಿಜ್ಞಾನಗಳಲ್ಲೂ ದಾರಿ ಇರಬೇಕು ಎಂಬುದು ಅದರ ಆಶಯ. ಕಾಗದದ ಮೇಲೆ ಬಹಳ ಸುಂದರವಾದ ಯೋಜನೆ. ಅದಕ್ಕೆ ಬೇಕಾದ ಕಾರ್ಯಾಗಾರ, ತರಬೇತಾದ ಶಿಕ್ಷಕರು ಎಲ್ಲಿಂದ ಬರಬೇಕು? ಬಹುತೇಕ ಕಡೆ ಹೆಸರು ಮಾತ್ರ ಬಹೂದ್ದೇಶವಾಯಿತು.

ಶಿಕ್ಷಕರ ತರಬೇತಿಯ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ದೆಹಲಿ ಕೋಮು ಗಲಭೆಯಿಂದ ಇನ್ನೂ ಚೇತರಿಸಿಕೊಳ್ಳದಿದ್ದ 1947ರ ಡಿಸೆಂಬರಿನಲ್ಲೇ ಅಲ್ಲಿ ಕೇಂದ್ರೀಯ ಶಿಕ್ಷಣ ಸಂಸ್ಥೆ ಎಂಬ ಶಿಕ್ಷಕರ ಕಾಲೇಜು ಆರಂಭವಾಯಿತು. ಸ್ವಾತಂತ್ರ್ಯ ಬಂದು ಆಗಿನ್ನೂ ನಾಲ್ಕು ತಿಂಗಳು. ಮೊದಲು ಉಪಾಧ್ಯಾಯರನ್ನು ತಯಾರು ಮಾಡಬೇಕು ಎಂದು ತೋಚಿದ್ದು ಸಾಮಾನ್ಯ ಸಂಗತಿಯಲ್ಲ.

ಇನ್ನು ವಿಜ್ಞಾನದ ಕಡೆ ಬರೋಣ. ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ, ನಮ್ಮ ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರ ಅಕ್ಟೋಬರಿನಲ್ಲಿ ಆರಂಭವಾದ ಆಹಾರ ಸಂಶೋಧನಾಲಯ ಮುಂತಾದವುಗಳ ಹಿಂದೆ ಮುಖ್ಯವಾಗಿ ಇದ್ದವರು ಪ್ರಧಾನಿ ನೆಹರೂ ಹಾಗೂ ವಿಜ್ಞಾನಿ ಶಾಂತಿ ಸ್ವರೂಪ ಭಟ್ನಾಗರ್. ಎಲ್ಲವನ್ನೂ ಆಜಾದರ ಖಾತೆಗೇ ಜಮಾ ಮಾಡಿ ಹೇಳುವ ರೂಢಿ ನಮ್ಮ ಕೆಲವು ಲೇಖಕರಲ್ಲಿದೆ, ಅದು ಸರಿಯಲ್ಲ. ಆದರೆ 1952ರಿಂದ ವೈಜ್ಞಾನಿಕ ಸಂಶೋಧನೆಯ ಖಾತೆಯೂ ಆಜಾದರ ಬಳಿಯೇ ಇತ್ತು. ಅದಲ್ಲದೆ ಭಟ್ನಾಗರರು ಯುಜಿಸಿಯ ಪ್ರಥಮ ಅಧ್ಯಕ್ಷರಾದರು. ಪ್ರಯೋಗಾಲಯ ಬೇರೆ, ವಿಶ್ವವಿದ್ಯಾನಿಲಯ ಬೇರೆ ಎಂದು ಗೋಡೆ ಏಳಬಾರದೆಂಬ ಎಚ್ಚರ ಈ ಏರ್ಪಾಟಿನಲ್ಲಿ ಕಾಣುತ್ತದೆ.

ತಾಂತ್ರಿಕ ಶಿಕ್ಷಣದ ವಿಷಯದಲ್ಲಿ ಮಾತ್ರ ಆಜಾದರ ಪಾತ್ರ ನೇರವಾದದ್ದು. ಯುದ್ಧ ಮುಗಿಯುವ ಕಾಲದಲ್ಲಿ ನಳಿನಿರಂಜನ ಸರ್ಕಾರ್ ಅವರ ಸಮಿತಿ ದೇಶದ ನಾಲ್ಕು ದಿಕ್ಕುಗಳಲ್ಲಿ ಉನ್ನತ ತಾಂತ್ರಿಕ ವಿದ್ಯಾಲಯಗಳು ಬೇಕೆಂದು ಹೇಳಿತ್ತು. ಅದರಲ್ಲಿ ಮೊದಲನೆಯದು ತಲೆಯೆತ್ತಿದ್ದು ಬಂಗಾಳದ ಖರಗ್‌ಪುರದ ಬಳಿಯ ಹಿಜ್ಲಿಯಲ್ಲಿ. ಹಿಜ್ಲಿ ಎಂದರೆ ಏನು ಗೊತ್ತೆ? ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ವಿಚಾರಣೆಯಿಲ್ಲದೆ ಕೂಡಿಹಾಕುತ್ತಿದ್ದ ಬಂಧನ ಶಿಬಿರ. 1931ರ ಸೆಪ್ಟೆಂಬರ್ 16ರಂದು ಅಲ್ಲಿ ಪೊಲೀಸರು ಗುಂಡು ಹಾರಿಸಿ, ಸಂತೋಷ್ ಕುಮಾರ್ ಮಿತ್ರ ಮತ್ತು ತಾರಕೇಶ್ವರ ಸೇನ್‌ಗುಪ್ತ ಎಂಬ ಇಬ್ಬರು ಬಂದಿಗಳು ಪ್ರಾಣ ಬಿಟ್ಟಿದ್ದರು. ಅದೇ ಕಟ್ಟಡದಲ್ಲಿ 224 ವಿದ್ಯಾರ್ಥಿಗಳು, 42 ಅಧ್ಯಾಪಕರೊಂದಿಗೆ ಪಾಠ ಆರಂಭವಾಯಿತು. 1951ರ ಆಗಸ್ಟ್ 18ರಂದು ಭಾರತೀಯ ತಂತ್ರಜ್ಞಾನ ಸಂಸ್ಥೆಯನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದವರು ಮೌಲಾನಾ ಆಜಾದ್. ತಮ್ಮ ಆಯುಷ್ಯದ ಸುಮಾರು ಹತ್ತು ವರ್ಷಗಳನ್ನು ಸೆರೆಯಲ್ಲಿ ಕಳೆದ ಮನುಷ್ಯ ಒಂದು ಸೆರೆಮನೆಯನ್ನು ವಿದ್ಯಾಮಂದಿರವೆಂದು ತೆರೆದ ಆ ದಿನ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪಾಠವಾಗಬೇಕಿತ್ತು. ಸಂಸ್ಥೆಯ ಪ್ರಥಮ ನಿರ್ದೇಶಕರಾದ ಸರ್ ಜ್ಞಾನಚಂದ್ರ ಘೋಷರು ಅದಕ್ಕೆ ಮುಂಚೆ 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಡೆಸಿದ್ದವರು. ಜನರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಆಗಿರುವ ಸಂಸ್ಥೆಯ ಅನುಭವ ಹೀಗೆ ಮೊದಲ ಐಐಟಿಗೂ ಹೋಯಿತು.

ಸಂಸ್ಕೃತಿಯ ವಿಷಯದಲ್ಲಿ ಅವರ ಕೆಲಸವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ರಾಜ ಮಹಾರಾಜರು, ನವಾಬರು ಹೋದರು. ಅವರ ಆಶ್ರಯದಲ್ಲಿದ್ದ ಗವಾಯಿ, ಚಿತ್ರಕಾರ, ಕವಿಗಳಿಗೆ ಇನ್ನು ಯಾರು ದಿಕ್ಕು ಎಂಬ ಪ್ರಶ್ನೆ ಆಗ ನಿಜವಾಗಿಯೂ ಇತ್ತು. ಹಸಿದವರ ದೇಶದಲ್ಲಿ ಸಂಗೀತಕ್ಕೆ ಸರ್ಕಾರದ ಹಣವೇಕೆ ಎಂದು ಕೇಳುವವರೂ ಇದ್ದರು, ಈಗಲೂ ಇದ್ದಾರೆ. ಅದರ ನಡುವೆಯೇ 1950ರಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, 1953ರ ಜನವರಿಯಲ್ಲಿ ಸಂಗೀತ ನಾಟಕ ಅಕಾಡೆಮಿ, 1954ರ ಮಾರ್ಚಿನಲ್ಲಿ ಸಾಹಿತ್ಯ ಅಕಾಡೆಮಿ, ಅದೇ ವರ್ಷ ಆಗಸ್ಟಿನಲ್ಲಿ ಲಲಿತಕಲಾ ಅಕಾಡೆಮಿ ಕಾರ್ಯಾರಂಭ ಮಾಡಿದವು. ಮೌಲಾನಾರಿಗೆ ಸಂಗೀತದ ಒಲವು ಹೊಸದಲ್ಲ. ಅಹ್ಮದ್‌ನಗರ ಕೋಟೆಯ ಸೆರೆಯಲ್ಲಿ ಬರೆದ ‘ಗುಬಾರೆ ಖಾತಿರ್’ ಪತ್ರಗಳಲ್ಲಿ ತಾವು ಯೌವನದಲ್ಲಿ ಸಿತಾರ್ ಕಲಿತದ್ದನ್ನು, ತಾಜ್‌ಮಹಲಿನ ಬಳಿ ಬೆಳದಿಂಗಳಲ್ಲಿ ಕುಳಿತು ನುಡಿಸಿದ್ದನ್ನು ಅವರೇ ಸ್ಮರಿಸಿಕೊಂಡಿದ್ದಾರೆ. ಆಲಿಮರ ಮನೆತನದ ಮಗನಿಗೆ ಅದು ಸುಲಭದ ಸಂಗತಿಯಾಗಿರಲಾರದು.

ಸಾಹಿತ್ಯ ಅಕಾಡೆಮಿಯಲ್ಲಿ ಕನ್ನಡ, ಉರ್ದು ಎರಡಕ್ಕೂ ಒಂದೇ ಪಂಕ್ತಿ, ಒಂದೇ ಎಲೆ. ಪ್ರಶಸ್ತಿ ಆರಂಭವಾದ 1955ರಲ್ಲೇ ಕನ್ನಡಕ್ಕೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮೂಲಕ ಆ ಗೌರವ ದೊರೆಯಿತು. ಎರಡೂ ಭಾಷೆಗಳನ್ನು ಬೋಧಿಸುವವನಿಗೆ ಇದು ಬರಿಯ ಆಡಳಿತದ ಸಂಗತಿಯಾಗಿ ಕಾಣುವುದಿಲ್ಲ.

ಧಾರ್ಮಿಕ ಶಿಕ್ಷಣದ ಬಗ್ಗೆ ಅವರ ನಿಲುವು ಏನಿತ್ತೆಂದು ನಮ್ಮ ಸದಸ್ಯರು ಆಗಾಗ ಕೇಳುತ್ತಾರೆ. 1948ರಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ ಮುಂದೆ ಅವರು ಎತ್ತಿದ ವಿಚಾರದ ಸಾರಾಂಶ ಇಷ್ಟು: ಸರ್ಕಾರ ಇದರಿಂದ ಪೂರ್ತಿ ಕೈತೊಳೆದುಕೊಂಡರೆ ಮಕ್ಕಳ ಧಾರ್ಮಿಕ ಶಿಕ್ಷಣ ಅರೆಬರೆ ತಿಳಿದ ಖಾಸಗಿಯವರ ಪಾಲಾಗುತ್ತದೆ; ಸಂಕುಚಿತ ಮನಸ್ಸು ಬೆಳೆಯುವ ಅಪಾಯ ಅಲ್ಲೇ ಹೆಚ್ಚು. ಉದಾರ ದೃಷ್ಟಿಯ ಧಾರ್ಮಿಕ ಶಿಕ್ಷಣ ಶಾಲೆಯಲ್ಲೇ ಸಿಗುವುದು ಮೇಲು ಎಂಬ ಕಡೆಗೆ ಅವರ ಒಲವಿತ್ತು. ಸಂವಿಧಾನ ಬೇರೆ ದಾರಿ ಹಿಡಿಯಿತು. 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಇಲ್ಲ. 30ನೇ ವಿಧಿಯ ಪ್ರಕಾರ ಅಲ್ಪಸಂಖ್ಯಾತರು ತಮ್ಮ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದು. ಹಲವು ಧರ್ಮಗಳ ದೇಶಕ್ಕೆ ಸಂವಿಧಾನದ ದಾರಿಯೇ ಸುರಕ್ಷಿತವೆಂದು ನನ್ನ ಭಾವನೆ. ಆದರೂ ಮೌಲಾನಾರು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಈಗ ಮಕ್ತಬ್ ಮದ್ರಸಗಳನ್ನು ನಡೆಸುತ್ತಿರುವ ನಾವೇ.

ಈಗ ಲೆಕ್ಕಪತ್ರದ ಇನ್ನೊಂದು ಪುಟ. ಸಂವಿಧಾನದ 45ನೇ ವಿಧಿ ಹೇಳಿದ್ದು ಹೀಗೆ: ಸಂವಿಧಾನ ಜಾರಿಗೆ ಬಂದ ಹತ್ತು ವರ್ಷಗಳೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸಬೇಕು. ಅಂದರೆ 1960ರ ಜನವರಿಯ ಗಡುವು. ಗಡುವು ಬಂತು, ಹೋಯಿತು. 1961ರ ಜನಗಣತಿಯಲ್ಲಿ ಸಾಕ್ಷರರು ನೂರಕ್ಕೆ ಸುಮಾರು 28. ಗಾಂಧೀಜಿಯವರ ಬುನಾದಿ ತಾಲೀಮನ್ನು ಪ್ರಾಥಮಿಕ ಶಿಕ್ಷಣದ ಮಾದರಿಯೆಂದು ಸರ್ಕಾರ ಒಪ್ಪಿತ್ತು. ಅದರ ಪಾಠಕ್ರಮವನ್ನು ರೂಪಿಸಿದವರು ಜಾಕಿರ್ ಹುಸೇನರು. ಕೈಕಸುಬಿನ ಮೂಲಕ ಪಾಠ ಎಂಬ ಆ ತತ್ತ್ವ ಹೆಚ್ಚಿನ ಕಡೆ ತಕಲಿ ಹಿಡಿದು ನೂಲುವ ಒಂದು ಪೀರಿಯಡ್ ಆಗಿ ಕೊನೆಗೊಂಡಿತು. ವಯಸ್ಕರ ಶಿಕ್ಷಣಕ್ಕೆ ಆಜಾದರು ‘ಸಾಮಾಜಿಕ ಶಿಕ್ಷಣ’ ಎಂದು ಹೊಸ ಹೆಸರಿಟ್ಟು, ಅಕ್ಷರದ ಜೊತೆಗೆ ಆರೋಗ್ಯ, ಪೌರಪ್ರಜ್ಞೆಯನ್ನೂ ಕಲಿಸಬೇಕೆಂದರು. ಹೆಸರು ಚೆನ್ನಾಗಿತ್ತು, ಹಣ ಸಾಲಲಿಲ್ಲ.

ಹಣ ಎಲ್ಲಿಗೆ ಹೋಯಿತು? ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ (1951-56) ಶಿಕ್ಷಣದ ವೆಚ್ಚದಲ್ಲಿ ನೂರಕ್ಕೆ ಸುಮಾರು 56 ಭಾಗ ಪ್ರಾಥಮಿಕ ಶಿಕ್ಷಣಕ್ಕೆ ಸಂದಿತು. ಎರಡನೆಯ ಯೋಜನೆಯಲ್ಲಿ ಅದು ಸುಮಾರು 35ಕ್ಕೆ ಇಳಿಯಿತು. ವಿಶ್ವವಿದ್ಯಾನಿಲಯಗಳ ಪಾಲು ಅದೇ ಅವಧಿಯಲ್ಲಿ 9ರಿಂದ 18ಕ್ಕೆ ಏರಿತು. ದೊಡ್ಡ ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳ ಕಾಲ ಅದು. ಎಂಜಿನಿಯರುಗಳು ಬೇಕಿದ್ದರು ಎಂಬ ಸಮರ್ಥನೆ ಇದೆ. ಪ್ರಾಥಮಿಕ ಶಾಲೆ ರಾಜ್ಯಗಳ ಹೊಣೆ ಎಂಬ ಸಮರ್ಥನೆಯೂ ಇದೆ. ಎರಡರಲ್ಲೂ ಸತ್ಯಾಂಶವಿದೆ. ಆದರೂ ಶಿಖರಕ್ಕೆ ಕಳಶವಿಟ್ಟಷ್ಟು ಬೇಗ ಅಡಿಪಾಯದ ಕಲ್ಲು ಬೀಳಲಿಲ್ಲ ಎನ್ನದೆ ವಿಧಿಯಿಲ್ಲ. ಅದರ ಬೆಲೆ ತೆತ್ತವರು ಬಡವರು, ಹೆಣ್ಣುಮಕ್ಕಳು, ಅವರಲ್ಲಿ ನಮ್ಮ ಸಮುದಾಯದವರು ಸಾಕಷ್ಟು ಮಂದಿ. 1960ಕ್ಕೆ ಆಗಬೇಕಿದ್ದದ್ದು ಮೂಲಭೂತ ಹಕ್ಕಾಗಿ ಸಂವಿಧಾನಕ್ಕೆ ಸೇರಲು 2002ರ 86ನೇ ತಿದ್ದುಪಡಿ ಬೇಕಾಯಿತು. ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ನಡುವಿನ ಐವತ್ತು ವರ್ಷಗಳಲ್ಲಿ ಶಾಲೆಯ ಮುಖ ಕಾಣದೆ ಬೀಡಿ ಸುತ್ತಿದ, ಅಗರಬತ್ತಿ ಹೊಸೆದ, ರೇಷ್ಮೆ ನೂಲು ತೆಗೆದ ಮಕ್ಕಳ ಲೆಕ್ಕ ಇಟ್ಟವರಾರು?

ಕೊನೆಯದಾಗಿ ನಮ್ಮ ಶಾಲೆಗಳಿಗೆ ನೇರವಾಗಿ ಸಂಬಂಧಿಸಿದ ಒಂದು ನಿರ್ಣಯ. ಇದನ್ನು ಬಹಳ ಜನ ಮರೆತಿದ್ದಾರೆ. 1949ರ ಆಗಸ್ಟಿನಲ್ಲಿ, ಆಜಾದರು ಶಿಕ್ಷಣ ಸಚಿವರಾಗಿದ್ದಾಗ, ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ನಡೆಯಿತು. ಪ್ರಾಥಮಿಕ ಹಂತದಲ್ಲಿ ಮಗುವಿಗೆ ಪಾಠವೂ ಪರೀಕ್ಷೆಯೂ ಮಾತೃಭಾಷೆಯಲ್ಲೇ ಇರಬೇಕು. ಮಾತೃಭಾಷೆ ಪ್ರಾದೇಶಿಕ ಭಾಷೆಗಿಂತ ಬೇರೆಯಾಗಿದ್ದು, ಆ ಭಾಷೆಯ ಮಕ್ಕಳು ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಇದ್ದರೆ ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕು ಎಂದು ಅಲ್ಲಿ ನಿರ್ಣಯವಾಯಿತು. ಪ್ರಾದೇಶಿಕ ಭಾಷೆಯನ್ನು ಮೂರನೇ ತರಗತಿಗಿಂತ ಮೊದಲು ತರಬಾರದು, ಕಿರಿಯ ಬುನಾದಿ ಹಂತ ಮುಗಿಯುವುದಕ್ಕಿಂತ ತಡಮಾಡಲೂಬಾರದು ಎಂದೂ ಸೇರಿಸಿದರು. ಉರ್ದು ಓದುವ ಮಗು ಕನ್ನಡವನ್ನು ಬಿಡಬಾರದು ಎಂಬ ನಮ್ಮ ಮಾತಿಗೆ ಇದಕ್ಕಿಂತ ಹಳೆಯ ಆಧಾರ ಬೇಕೆ?

ಈ ನಿರ್ಣಯಕ್ಕೆ 1956ರಲ್ಲಿ ಹೊಸ ಜೀವ ಬಂತು. ರಾಜ್ಯಗಳ ಪುನರ್ವಿಂಗಡಣೆಯ ಜೊತೆಗೇ ಏಳನೇ ತಿದ್ದುಪಡಿಯ ಮೂಲಕ 350-ಎ ವಿಧಿ ಸಂವಿಧಾನಕ್ಕೆ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸುವುದು ರಾಜ್ಯಗಳ ಪ್ರಯತ್ನವಾಗಬೇಕೆಂದು ಅದು ಹೇಳುತ್ತದೆ. ಅದೇ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯ ಉದಯವಾಯಿತು. ನಿಜಾಮರ ಆಡಳಿತದಲ್ಲಿ ಉರ್ದುವೇ ರಾಜಭಾಷೆಯಾಗಿದ್ದ ಗುಲ್ಬರ್ಗ, ಬೀದರ್, ರಾಯಚೂರು ಜಿಲ್ಲೆಗಳು ಕನ್ನಡದ ಮನೆಗೆ ಬಂದವು. ಅಲ್ಲಿಯ ಉರ್ದು ಶಾಲೆಗಳ ಮಕ್ಕಳಿಗೆ ಈ ವಿಧಿ ಒಂದು ಆಸರೆ.

ಆಜಾದರು ಇನ್ನೊಂದೂವರೆ ವರ್ಷವೂ ಬದುಕಿರಲಿಲ್ಲ. ಅವರು ತೀರಿಕೊಂಡ ಹತ್ತೇ ದಿನಕ್ಕೆ, 1958ರ ಮಾರ್ಚ್ 4ರಂದು, ಭಾರತ ಸರ್ಕಾರದ ವಿಜ್ಞಾನ ನೀತಿ ನಿರ್ಣಯ ಹೊರಬಿತ್ತು. ಜಾಮಾ ಮಸೀದಿ ಮತ್ತು ಕೆಂಪುಕೋಟೆಯ ನಡುವೆ ಅವರ ಮಜಾರ್ ಇದೆ. 1992ರಲ್ಲಿ ಮರಣೋತ್ತರವಾಗಿ ಭಾರತರತ್ನ ಸಂದಿತು.

1949ರ ಆ ನಿರ್ಣಯದಲ್ಲಿ ಇನ್ನೊಂದು ಪುಟ್ಟ ವಾಕ್ಯವಿತ್ತು: ಮಗುವಿನ ಮಾತೃಭಾಷೆ ಯಾವುದೆಂದರೆ ತಂದೆತಾಯಿ ಅಥವಾ ಪೋಷಕರು ಯಾವುದೆಂದು ಘೋಷಿಸುತ್ತಾರೋ ಅದು. ಕರ್ನಾಟಕದ ಶಾಲೆಗಳ ಕಲಿಕಾ ಮಾಧ್ಯಮದ ಮೊಕದ್ದಮೆಯಲ್ಲಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದೂ ಇದನ್ನೇ, ಮಾತೃಭಾಷೆಯನ್ನು ನಿರ್ಧರಿಸುವವರು ಪೋಷಕರು ಎಂದು. ನಮ್ಮ ದಾಖಲಾತಿ ಅರ್ಜಿಯಲ್ಲಿ ಇದಕ್ಕೊಂದು ಕಾಲಂ ಇದೆ. ಪ್ರತಿ ವರ್ಷ ಜೂನ್ ತಿಂಗಳ ಗಡಿಬಿಡಿಯಲ್ಲಿ ಎಷ್ಟೋ ಅಮ್ಮಂದಿರು ಹೆಬ್ಬೆಟ್ಟೋ ಸಹಿಯೋ ಹಾಕಿ ಅರ್ಜಿಯನ್ನು ಬೇರೆಯವರ ಕೈಗೆ ಕೊಟ್ಟು ಹೋಗುತ್ತಾರೆ, ಆ ಕಾಲಂ ತುಂಬಿದವರು ಯಾರೆಂದು ಅವರಿಗೂ ಗೊತ್ತಿರುವುದಿಲ್ಲ.